ವಾಹನಕ್ಕೆ ಮುಂಚೆ ಶಿಕ್ಷಣ

ಮಡಿಕೇರಿಯ ನೆರೆಯ ಗಾಳಿಬೀಡಿನಂತಹ ಗ್ರಾಮಗಳಲ್ಲಿ ಮೋಟಾರು ಸೈಕಲು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ತೋಟದ ಕೆಲಸಕ್ಕೂ, ಪೇಟೆಯ ಕಚೇರಿಗೂ, ಕಾಲೇಜಿಗೂ ಅದೇ ಆಧಾರವಾಗಿದೆ. ಹದಿನೆಂಟು ತುಂಬಿದ ಮಗನು ಮನೆಯ ಹಿರಿಯರ ಮುಂದೆ ಇಡುವ ಮೊದಲನೆಯ ಬೇಡಿಕೆಯು ಅನೇಕ ಕಡೆ ಇದೇ ಆಗಿರುತ್ತದೆ. ಬೇಡಿಕೆಯು ನ್ಯಾಯವಾದುದು, ಅದನ್ನು ಈಡೇರಿಸುವ ಕ್ರಮವು ಮಾತ್ರ ಸರಿಯಾದುದಲ್ಲ. ಬಣ್ಣ, ವೇಗ, ಕಂತಿನ ಮೊತ್ತ ಇವುಗಳನ್ನು ಕುರಿತು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚಿಸುತ್ತಾರೆ. ಸವಾರನಿಗೆ ಕಲಿಸುವವರು ಯಾರೆಂಬ ಪ್ರಶ್ನೆಯನ್ನು ಎತ್ತುವವರು ವಿರಳ.

ಇದು ಅಲ್ಪವಾದ ವಿಷಯವಲ್ಲ. ಕೇಂದ್ರ ಸರಕಾರದ ವರದಿಯಂತೆ 2022 ರಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಾಲ್ವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆಯೇ 50,029. ಇವರಲ್ಲಿ 14,337 ಮಂದಿ ಸವಾರನ ಹಿಂದೆ ಕುಳಿತಿದ್ದವರು. ಇಷ್ಟೊಂದು ಮನೆಗಳ ಶೋಕವನ್ನು ವಿಧಿಯ ತಲೆಗೆ ಕಟ್ಟಿ ಸುಮ್ಮನಿರುವುದು ವಿವೇಕಿಗಳಿಗೆ ಉಚಿತವಲ್ಲ.

ಕಾನೂನಿನ ಸ್ಥಿತಿಯನ್ನು ನೋಡಿರಿ. ಲಾರಿ, ಬಸ್ಸುಗಳನ್ನು ನಡೆಸಲು ಲೈಸೆನ್ಸು ಬೇಡುವವನು ತರಬೇತಿ ಶಾಲೆಯ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಮೋಟಾರು ಸೈಕಲಿನವನಿಗೆ ಈ ನಿರ್ಬಂಧವಿಲ್ಲ. ಕಲಿಯುವವರ ಲೈಸೆನ್ಸು ಪಡೆದು ಮೂವತ್ತು ದಿನ ಕಳೆದರೆ ಅವನು ಪರೀಕ್ಷೆಗೆ ನಿಲ್ಲಬಹುದು. ನಡುವೆ ಗುರುವಾಗುವವನು ಅಣ್ಣನೋ, ಗೆಳೆಯನೋ. ಪಾಠಶಾಲೆಯು ಊರ ಮೈದಾನ. ಸಮತಟ್ಟಾದ ನೆಲದಲ್ಲಿ ಎಂಟರ ಆಕಾರವನ್ನು ಸುತ್ತಿ ಬಂದ ಮಾತ್ರಕ್ಕೆ ಕಕ್ಕಡದ ಮಳೆಯಲ್ಲಿ, ಮಂಜು ಮುಸುಕಿದ ಸಂಜೆಯಲ್ಲಿ, ಎಲೆ ಉದುರಿ ಜಾರುವ ಇಳಿಜಾರಿನ ತಿರುವಿನಲ್ಲಿ ಅವನು ಸುರಕ್ಷಿತನಾಗಿ ಇಳಿಯಬಲ್ಲನೆಂದು ಯಾರು ಹೊಣೆ ಹೊರುವರು?

ಕಲಿಯಬೇಕಾದುದು ಬಹಳವಿದೆ. ಇಳಿಜಾರಿನಲ್ಲಿ ಕ್ಲಚ್ಚು ಹಿಡಿದು ವಾಹನವನ್ನು ಹಾಯಬಿಡದೆ ಕೆಳಗಿನ ಗೇರಿನಲ್ಲಿ ಇಂಜಿನ್ನಿನ ಹಿಡಿತದಿಂದಲೇ ಇಳಿಯಬೇಕು. ವೇಗವನ್ನು ತಿರುವಿನೊಳಗಲ್ಲ, ತಿರುವಿಗೆ ಮುಂಚೆಯೇ ತಗ್ಗಿಸಬೇಕು. ಮುಂದಿನ ಬ್ರೇಕಿಗೆ ಹೆದರದೆ ಎರಡನ್ನೂ ಮೃದುವಾಗಿ ಒಟ್ಟಿಗೆ ಒತ್ತುವುದನ್ನು ಕೈಕಾಲುಗಳಿಗೆ ರೂಢಿಮಾಡಿಸಬೇಕು. ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ನಿಯಮ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದೇ ಸೆಕೆಂಡು ತಡಮಾಡಿದರೂ ಆ ವೇಳೆಗೆ 11 ಮೀಟರ್ ಮುಂದೆ ಹೋಗಿರುತ್ತಾನೆ. ಇದನ್ನು ಅನುಭವದಿಂದ ಕಲಿಯಲಿ ಎಂಬವರು ಅನುಭವವು ಕೇಳುವ ಶುಲ್ಕವನ್ನು ಮರೆಯಬಾರದು.

ಇನ್ನು ವಾಹನದ ಆಯ್ಕೆ. ಪೀಠದ ಮೇಲೆ ಕುಳಿತಾಗ ಎರಡು ಪಾದಗಳೂ ನೆಲಕ್ಕೆ ಚೆನ್ನಾಗಿ ತಾಗಬೇಕು. ಏರುದಾರಿಯಲ್ಲಿ ನಿಲ್ಲಿಸಿದಾಗ ಅದರ ಭಾರವನ್ನು ಸವಾರನು ತಡೆಯಬಲ್ಲವನಾಗಿರಬೇಕು. ಹೊಸಬನಿಗೆ 100 ರಿಂದ 150 ಸಿ.ಸಿ.ಯ ಹಗುರವಾದ ವಾಹನವು ಧಾರಾಳವಾಗಿ ಸಾಕು. ಬ್ರೇಕು ಒತ್ತಿದಾಗ ಚಕ್ರವು ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯು 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ವಾಹನಗಳಿಗೆ 2019 ರಿಂದ ಕಡ್ಡಾಯವಾಗಿದೆ. ಮಳೆನಾಡಿನವನು ಇದಕ್ಕಾಗಿ ಸ್ವಲ್ಪ ಹೆಚ್ಚು ಹಣ ತೆತ್ತರೆ ನಷ್ಟವಿಲ್ಲ. ಹಳೆಯ ವಾಹನವನ್ನು ಕೊಳ್ಳುವವರು ಹೊಳಪಿಗೆ ಮರುಳಾಗದೆ ಟಯರು, ಬ್ರೇಕು, ದೀಪಗಳನ್ನು ಮೊದಲು ಪರೀಕ್ಷಿಸಲಿ. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್‌ಗಳ ಬೆಲೆಯನ್ನು ವಾಹನದ ಬೆಲೆಯೊಳಗೇ ಎಣಿಸತಕ್ಕದ್ದು.

ಪ್ರಾಯ ತುಂಬದ ಮಕ್ಕಳ ಕೈಗೆ ಬೀಗದ ಕೈಯನ್ನು ಕೊಡುವ ಪೋಷಕರಿಗೆ ಒಂದು ಎಚ್ಚರಿಕೆ. 2019 ರ ತಿದ್ದುಪಡಿಯಂತೆ ಈ ಅಪರಾಧಕ್ಕೆ ಅವರಿಗೇ ಮೂರು ವರುಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ವಾತ್ಸಲ್ಯವು ಇಂತಹ ರೂಪವನ್ನು ತಾಳಬಾರದು.

1961 ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1996 ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿ ವಾಹನಗಳನ್ನು ನಮ್ಮ ಜನರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ದ್ವಿಚಕ್ರ ವಾಹನಗಳ ತಯಾರಿಕೆಯಲ್ಲಿ ಭಾರತವು ಇಂದು ಪ್ರಪಂಚದ ಮುಂಚೂಣಿಯಲ್ಲಿದೆ. ಯಂತ್ರವನ್ನು ನಿರ್ಮಿಸಬಲ್ಲ ನಾಡು ಯೋಗ್ಯ ಸವಾರನನ್ನು ನಿರ್ಮಿಸಲಾರದೆ? ಸಾರಿಗೆ ಇಲಾಖೆಯವರು, ಪೋಲೀಸರು, ಗ್ರಾಮ ಪಂಚಾಯತಿಗಳು ಕೂಡಿ, ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ, ಏರಿಳಿತಗಳುಳ್ಳ ಒಂದು ಸ್ಥಳದಲ್ಲಿ ಯುವಕ ಯುವತಿಯರಿಗೆ ಕೆಲವು ದಿನಗಳ ಶಿಕ್ಷಣವನ್ನು ಏರ್ಪಡಿಸುವುದು ಅಸಾಧ್ಯವೇನಲ್ಲ. ವಾಹನದೊಡನೆ ಹೆಲ್ಮೆಟ್ ಒದಗಿಸಬೇಕೆಂಬ ನಿಯಮವು ಈಗಾಗಲೇ ಇದೆ. ವ್ಯಾಪಾರಿಗಳು ಅದರೊಡನೆ ಒಂದು ದಿನದ ಪಾಠವನ್ನೂ ಸೇರಿಸಿದರೆ ಅವರ ಕೀರ್ತಿಯು ಹೆಚ್ಚುವುದು. ಸರಕಾರವು ಎಚ್ಚರಗೊಳ್ಳುವವರೆಗೆ ಹಿರಿಯರು ಕಾಯಬೇಕಾದುದಿಲ್ಲ. ಮಗನು ವಾಹನವನ್ನು ಬೇಡಿದ ದಿನ, ಮೊದಲು ಕಲಿತು ಬಾ ಎಂದು ಹೇಳುವ ಅಧಿಕಾರವು ಪ್ರತಿಯೊಂದು ಮನೆಗೂ ಇದೆ. ಅದನ್ನು ಚಲಾಯಿಸಲಿ.