ಕುರಿ ಹಟ್ಟಿಯ ಕುದುರೆಗೂ ಜ್ವರ ಬರುತ್ತದೆ

2022ರಲ್ಲಿ ಚರ್ಮಗಂಟು ರೋಗ ದನಗಳ ಮೇಲೆ ಎರಗಿದಾಗ ನಮ್ಮ ಸೀಮೆಯ ರೈತರು ದುಬಾರಿ ಬೆಲೆ ತೆತ್ತು ಒಂದು ಸಂಗತಿ ತಿಳಿದುಕೊಂಡರು. ವಿಷಾಣುವಿನಿಂದ ಬರುವ ಜಾಡ್ಯಕ್ಕೆ ಮುಂಚಿತವಾಗಿ ಹಾಕಿಸಿದ ಲಸಿಕೆಯೇ ಆಸರೆ. ಬಂದ ಮೇಲೆ ಎಷ್ಟು ಓಡಾಡಿದರೂ ಉಪಯೋಗ ಕಡಿಮೆ. ಆದರೆ ಆ ರೋಗ ಕುದುರೆಗಳನ್ನು ಮುಟ್ಟಲಿಲ್ಲ. ಕಾಲುಬಾಯಿ ಬೇನೆಯೂ ಕುದುರೆ, ಕತ್ತೆಗಳಿಗೆ ಬರುವುದಿಲ್ಲ. ಇದರಿಂದಾಗಿ ಕುದುರೆ ಗಟ್ಟಿ ಪ್ರಾಣಿ, ಅದಕ್ಕೆ ಅಂಟುಜಾಡ್ಯವಿಲ್ಲ ಎಂಬ ಭಾವನೆ ಹಳ್ಳಿಗಳಲ್ಲಿ ಉಳಿದುಬಿಟ್ಟಿದೆ. ಅದು ನಿಜವಲ್ಲ.

ಹುಲಕೋಟಿಯ ಸುತ್ತ ಈಗ ಕುದುರೆ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಟಾಂಗಾಗಳ ಕಾಲ ಮುಗಿಯಿತು, ನಿಜ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಕುದುರೆ, ತಟ್ಟು, ಕತ್ತೆ, ಹೇಸರಗತ್ತೆ ಸೇರಿ ಸುಮಾರು 11 ಲಕ್ಷ ಇದ್ದವು; 2019ರ ಗಣತಿಯಲ್ಲಿ ಐದೂವರೆ ಲಕ್ಷದ ಆಸುಪಾಸಿಗೆ ಇಳಿದವು. ಆದರೂ ಸುಗ್ಗಿ ಮುಗಿದು ಎರಿ ಹೊಲಗಳು ಖಾಲಿಯಾದಾಗ ಕುರಿ ಹಿಂಡುಗಳ ಹಿಂದೆ ಒಂದೆರಡು ತಟ್ಟುಗಳು ಬಂದೇ ಬರುತ್ತವೆ. ಹಟ್ಟಿಯ ಬಲೆ, ಗೂಟ, ಪಾತ್ರೆ, ಕಂಬಳಿ, ಆಗತಾನೆ ಈದ ಮರಿಗಳು, ಕೆಲವೊಮ್ಮೆ ಕೈಗೂಸು ಕೂಡ ಅದರ ಬೆನ್ನ ಮೇಲೆ. ತಟ್ಟು ಮಲಗಿದರೆ ಕುರುಬರ ಸಂಸಾರವೇ ನಿಂತುಬಿಡುತ್ತದೆ. ನಿಮ್ಮ ಹೊಲಕ್ಕೆ ಬರಬೇಕಾದ ಕುರಿಗೊಬ್ಬರವೂ ನಿಲ್ಲುತ್ತದೆ.

2008ರ ಜೂನ್ ತಿಂಗಳಲ್ಲಿ ಜಮ್ಮುವಿನ ಕಟ್ರಾದಲ್ಲಿ, ವೈಷ್ಣೋದೇವಿ ಯಾತ್ರಿಕರನ್ನು ಹೊತ್ತೊಯ್ಯುವ ಕುದುರೆ, ಹೇಸರಗತ್ತೆಗಳಲ್ಲಿ ಕೆಮ್ಮು ಜ್ವರ ಕಾಣಿಸಿತು. ಅದು ಕುದುರೆಯ ಇನ್‌ಫ್ಲುಯೆಂಜಾ. 1987ರಲ್ಲಿ ಒಮ್ಮೆ ಉತ್ತರ ಭಾರತವನ್ನು ಕಾಡಿ ಹೋಗಿತ್ತು. ಈ ಸಲ ಅಲ್ಲಿಗೇ ನಿಲ್ಲದೆ 2009ರೊಳಗೆ ಹತ್ತಕ್ಕೂ ಹೆಚ್ಚು ರಾಜ್ಯಗಳನ್ನು ದಾಟಿತು. ನಮ್ಮ ಕರ್ನಾಟಕಕ್ಕೂ ಬಂತು. ಹಿಮಾಲಯದ ತಪ್ಪಲಿನ ರೋಗ ಇಷ್ಟು ದೂರ ಬರಲು ಲಾರಿಯಲ್ಲಿ ಸಾಗಿಸುವ ಕುದುರೆಗಳೇ ಸಾಕು. ಕೆಮ್ಮಿದಾಗ ಹಾರುವ ತುಂತುರು, ಒಂದೇ ಬಕೆಟ್ಟಿನ ನೀರು, ಕಡಿವಾಣ, ಮೈ ಒರೆಸುವ ಬಟ್ಟೆ, ಸಾಕಿದವನ ಕೈ, ಎಲ್ಲವೂ ರೋಗ ಒಯ್ಯುತ್ತವೆ.

ಸೋಂಕು ತಗಲಿದ ಒಂದರಿಂದ ಮೂರು ದಿನಗಳಲ್ಲಿ ಜ್ವರ ಏರುತ್ತದೆ. ಕುದುರೆಯ ಸಹಜ ಶಾಖ 99.5ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ 106ರವರೆಗೂ ಹೋಗಬಹುದು. ಒಣ ಕೆಮ್ಮು, ಮೂಗಿನಿಂದ ಮೊದಲು ನೀರು, ಆಮೇಲೆ ದಪ್ಪ ಸಿಂಬಳ. ಮೇವು ಬಿಡುತ್ತದೆ, ತಲೆ ತಗ್ಗಿಸಿ ನಿಲ್ಲುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ; ಉಸಿರಿನೊಡನೆ ಹೋದ ಧೂಳು, ಕಫಗಳನ್ನು ಕಸಬರಿಗೆಯಂತೆ ಮೇಲಕ್ಕೆ ದೂಡುವುದು ಅವುಗಳ ಕೆಲಸ. ವಿಷಾಣು ಆ ಪದರವನ್ನೇ ಕೆಡಿಸುತ್ತದೆ. ಕಸ ಒಳಗೇ ಉಳಿದು ಬೇರೆ ರೋಗಾಣುಗಳು ಪುಪ್ಪುಸಕ್ಕೆ ಇಳಿಯುತ್ತವೆ. ಸಾವು ಬರುವುದು ಹೆಚ್ಚಾಗಿ ಈ ಎರಡನೆಯ ಪೆಟ್ಟಿನಿಂದ. ಕತ್ತೆಗಳಿಗೂ ಎಳೆಯ ಮರಿಗಳಿಗೂ ಬಾಧೆ ಹೆಚ್ಚು.

ಆ ಪದರ ಮತ್ತೆ ಬೆಳೆಯಲು ಸುಮಾರು ಮೂರು ವಾರ ಬೇಕು. ಜ್ವರ ಮಾತ್ರ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಪಾಯ ಇರುವುದು ಇಲ್ಲೇ. ಜ್ವರ ಇಳಿಯಿತೆಂದು ಹೇರು ಹೇರಿದರೆ ಕುದುರೆಗೆ ದಮ್ಮು ಖಾಯಂ ಆಗಬಹುದು. ಜ್ವರ ಇದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಎಂಬುದು ಪಶುವೈದ್ಯರ ಲೆಕ್ಕ.

ಆದರೆ ಕುರುಬರಿಗೆ ಮೂರು ವಾರ ಎಲ್ಲಿಂದ ಬರಬೇಕು? ಕೆಲವು ರಾತ್ರಿ ಒಂದು ಹೊಲ, ಆಮೇಲೆ ಇನ್ನೊಂದು. ಮುಂದಿನ ಊರಿನ ಗೌಡರಿಗೆ ಮಾತು ಕೊಟ್ಟಾಗಿದೆ. ಕೈ ಹಿಡಿಯಬೇಕಾದವರು ಹೊಲದ ಯಜಮಾನರು. ಹಟ್ಟಿಯ ಕುದುರೆ ಕೆಮ್ಮುತ್ತಿದ್ದರೆ ಅದನ್ನು ನಿಮ್ಮ ಹೊಲದ ಬದಿಯ ಗಿಡದ ನೆರಳಿನಲ್ಲಿ ಬಿಟ್ಟು ಹೋಗಲು ಹೇಳಿರಿ. ಸಾಮಾನು ಸಾಗಿಸಲು ನಿಮ್ಮ ಟ್ರ್ಯಾಕ್ಟರು ಒಂದು ಸರತಿ ಹೋದರೆ ಡೀಸೆಲ್ ಖರ್ಚು ಹೆಚ್ಚಲ್ಲ. ಊರಿನ ಬೇರೆ ಕುದುರೆ, ಕತ್ತೆಗಳನ್ನು ಅದರ ಹತ್ತಿರ ಬಿಡಬೇಡಿರಿ, ನೀರಿನ ಬಾನಿ ಬೇರೆ ಇರಲಿ. ಧೂಳಿನ ಕಣಿಕೆ ಹಾಕದೆ, ನೀರು ಚಿಮುಕಿಸಿದ ಮೇವು ಹಾಕಿರಿ. ಬರೆ ಎಳೆಯುವುದು ಬೇಡ. ಗೊಟ್ಟದಿಂದ ಎಣ್ಣೆ, ಕಷಾಯ ಸುರಿಯುವುದಂತೂ ಬೇಡವೇ ಬೇಡ. ಕೆಮ್ಮುವ ಕುದುರೆಗೆ ಅದು ಹೊಟ್ಟೆಗೆ ಹೋಗದೆ ಪುಪ್ಪುಸಕ್ಕೆ ಹೋಗಿ ಜೀವ ತೆಗೆದೀತು. ನಾನು ಕೃಷಿ ಪದವೀಧರ, ಪಶುವೈದ್ಯನಲ್ಲ; ಆದ್ದರಿಂದ ಔಷಧಿಯ ಹೆಸರು ಇಲ್ಲಿ ಬರೆಯುವುದಿಲ್ಲ. ದನಗಳ ದವಾಖಾನೆಗೆ ತಿಳಿಸಿರಿ, ಇಲ್ಲವೆ 1962ಕ್ಕೆ ಫೋನು ಮಾಡಿರಿ.

ಇತರ ವಿಷಾಣುಗಳೂ ಇವೆ. ಹರ್ಪಿಸ್ ಗುಂಪಿನ ಒಂದು ವಿಷಾಣು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುತ್ತದೆ, ಒಮ್ಮೊಮ್ಮೆ ಹಿಂಗಾಲುಗಳ ಶಕ್ತಿ ಕಸಿಯುತ್ತದೆ. ರಕ್ತ ಹೀರುವ ದೊಡ್ಡ ನೊಣಗಳಿಂದಲೂ ಒಂದೇ ಸೂಜಿಯನ್ನು ಹಲವು ಕುದುರೆಗಳಿಗೆ ಚುಚ್ಚುವುದರಿಂದಲೂ ಹರಡುವ ಸೋಂಕು ರಕ್ತಹೀನತೆಗೆ ಮದ್ದೂ ಇಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. 1960ರಲ್ಲಿ ನಮ್ಮ ದೇಶಕ್ಕೆ ಬಂದಿದ್ದ ಆಫ್ರಿಕದ ಕುದುರೆ ಬೇನೆ ಈಗ ಇಲ್ಲ. ಆದರೆ 2020ರಲ್ಲಿ ಥೈಲೆಂಡಿನಲ್ಲಿ ಅದು ಎದ್ದಿತು, ನಮಗೆ ಅದೇನೂ ದೂರದ ದೇಶವಲ್ಲ. ಇನ್ನು ಹುಚ್ಚುನಾಯಿ ರೋಗ. ನುಂಗಲಾರದೆ ಜೊಲ್ಲು ಸುರಿಸುವ ಕುದುರೆಯ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕಬೇಡಿರಿ. ಆ ತಪ್ಪಿಗೆ ಮನುಷ್ಯನ ಜೀವ ಹೋಗುತ್ತದೆ. ಮೂಗಿನಲ್ಲಿ ಹುಣ್ಣು, ಮೈಮೇಲೆ ಕೀವಿನ ಗಂಟು ಕಂಡರೆ ಅದು ಗ್ಲಾಂಡರ್ಸ್ ಇರಬಹುದು. ಅದು ವಿಷಾಣುವಿನದಲ್ಲ, ಬ್ಯಾಕ್ಟೀರಿಯದ್ದು, ಆದರೆ ಮನುಷ್ಯರಿಗೂ ಅಂಟುತ್ತದೆ.

ಇನ್‌ಫ್ಲುಯೆಂಜಾಕ್ಕೆ ಲಸಿಕೆ ಇದೆ. ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಕಟ್ರಾದ ವಿಷಾಣುವನ್ನೇ ಬಳಸಿ ಅದನ್ನು ಸಿದ್ಧಪಡಿಸಿದೆ. ಪಂದ್ಯದ ಕುದುರೆಗಳಿಗೆ ಲಸಿಕೆ ತಪ್ಪುವುದಿಲ್ಲ. ಹಟ್ಟಿಯ ತಟ್ಟುವಿನ ಸರತಿ ಬರುವುದೇ ಇಲ್ಲ. ಕಾಲುಬಾಯಿ ಬೇನೆಯ ಲಸಿಕಾ ಕಾರ್ಯಕ್ರಮ ದನ, ಎಮ್ಮೆ, ಕುರಿ, ಆಡು, ಹಂದಿಗಳನ್ನು ಒಳಗೊಂಡಿದೆ. ಕುದುರೆಗೆ ಆ ರೋಗವಿಲ್ಲವಾದ್ದರಿಂದ ಸಿಬ್ಬಂದಿ ಅದರತ್ತ ನೋಡುವ ಕಾರಣವೇ ಬರುವುದಿಲ್ಲ. ಕುರಿಗಳಿಗೆ ಪಿ.ಪಿ.ಆರ್. ಲಸಿಕೆ ಹಾಕಲು ಹಟ್ಟಿಗೆ ಹೋದವರು ಪಕ್ಕದಲ್ಲೇ ಕಟ್ಟಿದ ತಟ್ಟುವಿನ ಶಾಖ ನೋಡಿ ಒಂದು ಸಾಲು ಬರೆದುಕೊಂಡರೆ ಹೆಚ್ಚಿನ ಹೊತ್ತೇನೂ ಹಿಡಿಯದು. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ಇಂಥ ರೋಗದ ಸುದ್ದಿ ತಿಳಿಸುವ ಹೊಣೆ ಸಾಕಿದವರದಷ್ಟೇ ಅಲ್ಲ, ಗ್ರಾಮ ಪಂಚಾಯತಿಯದೂ ಹೌದು. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸೀಮೆ ಇದು. ಲಸಿಕೆಯ ಖರ್ಚನ್ನು ಹೊಲದವರೂ ಹಟ್ಟಿಯವರೂ ಹಂಚಿಕೊಳ್ಳುವುದು ಇಲ್ಲಿ ಆಗದ ಮಾತಲ್ಲ. ಹಿಂಡುಗಳು ಬಂದಿಳಿಯುವ ಮೊದಲ ವಾರದಲ್ಲೇ ಪಂಚಾಯತಿಯವರು ತಟ್ಟುಗಳ ಲೆಕ್ಕ ತೆಗೆದು ದವಾಖಾನೆಗೆ ಕಳಿಸಲಿ.