ಐದಕ್ಕೆ ಐದು ಸರಿ, ಬಾಕಿ ಕೇಳೋರು ಯಾರು?

ಸಿಂಧನೂರಿನ ಬಸ್ಸು ಗಂಗಾವತಿ ನಿಲ್ದಾಣ ಬಿಟ್ಟು ಇನ್ನೂ ಊರು ದಾಟಿರಲಿಲ್ಲ. ಕಂಡಕ್ಟರ್ ಸಾಹೇಬರು ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟರು. ಎಂಟು ರೂಪಾಯಿ. ನನ್ನ ಪಕ್ಕದಲ್ಲಿದ್ದ ಹಿರಿಯರು ಆ ಚೀಟಿಯನ್ನು ಮಡಚಿ ಅಂಗಿಯ ಕಿಸೆಗಿಟ್ಟರು. ಕಾರಟಗಿ ಬರುವಷ್ಟರಲ್ಲಿ ಮೂರು ಸಲ ಮುಟ್ಟಿ ನೋಡಿಕೊಂಡರು. ಇಳಿಯುವ ಮುಂಚೆ ಬಾಗಿಲಲ್ಲೇ ನಿಂತು, "ಏ ಕಂಡಕ್ಟರ್ ಸಾಹೇಬ್ರ, ನಮ್ದು ಎಂಟು ರೂಪಾಯಿ!" ಅಂತ ಕೂಗಿ, ಇಸಿದುಕೊಂಡೇ ಇಳಿದರು.

ದಾರಿಯಲ್ಲಿ ಮಾತಿಗೆ ಮಾತು ಬಂದು, "ಯಜಮಾನ್ರ, ನಮ್ಮ ಎಂಪಿ ಹೆಂಗ ಕೆಲಸ ಮಾಡ್ಯಾರ?" ಅಂತ ಕೇಳಿದ್ದೆ.

"ಎಂಪಿ ಹತ್ರ ನಮಗೇನು ಕೆಲಸ ಇರ್ತೈತ್ರಿ? ಓಟು ಹಾಕಿದ್ದು ಆತು, ಗೆದ್ದದ್ದು ಆತು," ಅಂದರು.

ಎಂಟು ರೂಪಾಯಿಗೆ ಅಷ್ಟು ಜಾಗ್ರತೆ. ಐದು ವರ್ಷಕ್ಕೆ ಕೊಟ್ಟ ಓಟಿಗೆ ಬಾಕಿಯೇ ಇಲ್ಲ! ಹಿರಿಯರ ಮೇಲೆ ತಪ್ಪು ಹೊರಿಸುತ್ತಿಲ್ಲ ಸ್ವಾಮಿ. ನೀವೂ ಹಾಗೆಯೇ, ನಾನೂ ಹಾಗೆಯೇ. ಅದಕ್ಕೇ 2024ರ ಲೋಕಸಭೆಯ ಫಲಿತಾಂಶವನ್ನು ಇವತ್ತು ಮತ್ತೊಮ್ಮೆ ಬಿಚ್ಚಿ ನೋಡೋಣ.

ಗುಲಾಲಿನ ಬಣ್ಣ ಬದಲಾಯಿತು

2024ರ ಜೂನ್ 4ರಂದು ರಾಜ್ಯದ 28 ಸ್ಥಾನಗಳ ಎಣಿಕೆ ನಡೆಯಿತು. ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ಬಂದವು. ಕಾಂಗ್ರೆಸ್ಸಿನ ಆ ಒಂಬತ್ತರಲ್ಲಿ ಐದು ನಮ್ಮ ಕಲ್ಯಾಣ ಕರ್ನಾಟಕದ್ದೇ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಐದಕ್ಕೆ ಐದು. 2019ರಲ್ಲಿ ಇದೇ ಐದೂ ಬಿಜೆಪಿಗೆ ಹೋಗಿದ್ದವು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರಂಥವರೇ ಆಗ ಸೋತಿದ್ದರು.

ಅಂದರೆ ಐದು ವರ್ಷದಲ್ಲಿ ಇಡೀ ಸೀಮೆ ಮಗ್ಗುಲು ಬದಲಿಸಿತು. ಪಟಾಕಿ ಅವೇ, ಡೊಳ್ಳು ಅವೇ, ಗುಲಾಲಿನ ಬಣ್ಣ ಮಾತ್ರ ಬೇರೆ. "ಅಲೆ, ಅಲೆ" ಅಂದರು ಎಲ್ಲರೂ. ಗೆದ್ದವರು ಅಲೆಯ ಮೇಲೆ ಕೂತರು, ಸೋತವರು ಅಲೆಯ ಮೇಲೆ ತಪ್ಪು ಹಾಕಿದರು. ಇಬ್ಬರಿಗೂ ಅನುಕೂಲ.

ನಮ್ಮ ಕೊಪ್ಪಳದ ಕಥೆ ಇನ್ನೂ ಸೊಗಸು. 2014ರಲ್ಲಿ ತಂದೆ ಬಸವರಾಜ ಹಿಟ್ನಾಳ, 2019ರಲ್ಲಿ ಮಗ ರಾಜಶೇಖರ ಹಿಟ್ನಾಳ, ಇಬ್ಬರನ್ನೂ ಸೋಲಿಸಿದ್ದು ಬಿಜೆಪಿಯ ಕರಡಿ ಸಂಗಣ್ಣ. 2024ರಲ್ಲಿ ಸಂಗಣ್ಣನವರಿಗೆ ಅವರ ಪಕ್ಷ ಟಿಕೆಟ್ ಕೊಡಲಿಲ್ಲ. ಡಾ. ಬಸವರಾಜ ಕ್ಯಾವಟರ್ ಅವರಿಗೆ ಕೊಟ್ಟಿತು. ಸಂಗಣ್ಣನವರು ಕಾಂಗ್ರೆಸ್ ಸೇರಿದರು. ಎರಡು ಸಲ ಎದುರಿಗೆ ನಿಂತವರು ಮೂರನೇ ಸಲ ಒಂದೇ ವೇದಿಕೆಯಲ್ಲಿ ನಿಂತರು. ರಾಜಶೇಖರ ಹಿಟ್ನಾಳರು ಗೆದ್ದರು.

ಇದು ಮೇಲಿನವರ ಆಟ. ನಾವು ಕೆಳಗಿನ ಲೆಕ್ಕ ನೋಡೋಣ.

ಕೂಡಿಸುವ ಕಳೆಯುವ ಲೆಕ್ಕ

ನಾನು ಪಿಯುಸಿ ನಡುವೆ ಬಿಟ್ಟವನು. ದೊಡ್ಡ ದೊಡ್ಡ ಸೂತ್ರ ನನಗೆ ಬಾರದು. ಕೂಡಿಸೋದು, ಕಳೆಯೋದು ಬರುತ್ತದೆ. ಅಂಗಡಿ ಗಲ್ಲಾದ ಮುಂದೆ ಕೂತವರಿಗೆ ಅಷ್ಟು ಸಾಕಲ್ಲವೇ?

ಕೊಪ್ಪಳ ಕ್ಷೇತ್ರದಲ್ಲಿ 2019ರಲ್ಲಿ ಬಿಜೆಪಿಗೆ ಬಿದ್ದ ಓಟು 5,86,783. ಕಾಂಗ್ರೆಸ್ಸಿಗೆ 5,48,386. ಅಂತರ 38,397.

2024ರಲ್ಲಿ ಕಾಂಗ್ರೆಸ್ಸಿಗೆ 6,63,511. ಬಿಜೆಪಿಗೆ 6,17,154. ಅಂತರ 46,357.

ಇಲ್ಲೊಂದು ತಮಾಷೆ ಗಮನಿಸಿದಿರಾ? ಸೋತ ಬಿಜೆಪಿಯ ಓಟು ಕಡಿಮೆಯಾಗಿಲ್ಲ. ತಾನು ಗೆದ್ದಾಗ ಪಡೆದದ್ದಕ್ಕಿಂತ 30,371 ಹೆಚ್ಚೇ ಬಂದಿದೆ. ಕಾಂಗ್ರೆಸ್ಸಿನ ಓಟು 1,15,125 ಹೆಚ್ಚಾಗಿದೆ. ಯಾರ ಓಟು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮತಯಂತ್ರ ಹೇಳುವುದಿಲ್ಲ. ಆದರೆ "ಜನ ಆ ಪಕ್ಷವನ್ನು ಒದ್ದು ಓಡಿಸಿದರು" ಅನ್ನುವ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅಂತರದ ಅರ್ಧ, ಅಂದರೆ 23,179 ಜನ ಆ ಕಡೆಯಿಂದ ಈ ಕಡೆ ತಿರುಗಿದ್ದರೆ ಫಲಿತಾಂಶ ಉಲ್ಟಾ. ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಭಾಗಗಳಿವೆ: ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಮಸ್ಕಿ, ಸಿರುಗುಪ್ಪ. ಎಂಟಕ್ಕೆ ಹಂಚಿದರೆ ಒಂದೊಂದಕ್ಕೆ ಮೂರು ಸಾವಿರವೂ ಇಲ್ಲ. ಸಂತೆಯ ದಿನ ನಮ್ಮ ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಜನ ಓಡಾಡುತ್ತಾರೆ!

ರಾಜ್ಯದ ಲೆಕ್ಕವೂ ಹಾಗೇ. ಬಿಜೆಪಿಗೆ ಶೇ. 46.06, ಕಾಂಗ್ರೆಸ್ಸಿಗೆ ಶೇ. 45.43 ಓಟು. ಜೆಡಿಎಸ್ ಬಿಜೆಪಿಯ ಜೊತೆಗಿತ್ತು, ಅದರ ಓಟು ಬೇರೆ, ಒಪ್ಪೋಣ. ಆದರೂ ಎರಡು ದೊಡ್ಡ ಪಕ್ಷಗಳ ನಡುವೆ ಶೇ. ಒಂದರ ವ್ಯತ್ಯಾಸವೂ ಇಲ್ಲ, ಸ್ಥಾನ ಮಾತ್ರ 17 ಮತ್ತು 9. ಅಲ್ಲಿ ಬಿಜೆಪಿ ಬೀಗಿತು, ಇಲ್ಲಿ ಕಾಂಗ್ರೆಸ್ ಬೀಗಿತು. ಇಬ್ಬರ ಕಾಲ ಕೆಳಗೂ ಇರುವುದು ತೆಳು ಹಲಗೆ.

ಆ ಹಲಗೆ ನಾವು, ನೀವು. ಅದು ನಮಗೇ ಮರೆತುಹೋಗಿದೆ.

ಯಾವ ಓಟಿಗೆ ಯಾವ ಕೂಲಿ?

2019ರಲ್ಲಿ ನಾವು ದಿಲ್ಲಿಯ ಮುಖ ನೋಡಿ ಓಟು ಹಾಕಿದೆವು. 2024ರಲ್ಲಿ ಬೆಂಗಳೂರಿನ ಗ್ಯಾರಂಟಿ ನೋಡಿ ಹಾಕಿದವರು ಬಹಳ. ಹೆಣ್ಣುಮಕ್ಕಳ ಜೀರೋ ಟಿಕೆಟ್ 2023ರ ಜೂನ್ 11ರಂದು ಶುರುವಾಯಿತು. ಆಮೇಲೆ ಗೃಹಲಕ್ಷ್ಮಿಯ ಎರಡು ಸಾವಿರ ಬಂತು. ಅದೇ ಹೊತ್ತಿಗೆ ಬರ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಎಡದಂಡೆ ಕಾಲುವೆಯ ನೀರು ಎರಡನೇ ಬೆಳೆಗೆ ಸಿಗಲಿಲ್ಲ. ಅಂಥ ವರ್ಷದಲ್ಲಿ ಮನೆಗೆ ಬಂದ ಎರಡು ಸಾವಿರದ ಬೆಲೆ ಏನೆಂದು ಕಿರಾಣಿ ಅಂಗಡಿಯವರನ್ನು ಕೇಳಿ.

ಕೇಳಿದೆ. ಹಳೇ ಪೇಟೆಯ ಕಿರಾಣಿ ಯಜಮಾನರೊಬ್ಬರು ತಕ್ಕಡಿ ಕೆಳಗಿಟ್ಟು ಹೇಳಿದರು: "ಅಲ್ರೀ ಪೇಪರಿನವ್ರ, ಒಲಿ ಉರಿದ್ರ ಸಾಕು. ಕಟ್ಟಿಗಿ ಬೆಂಗಳೂರಿಂದ ಬಂದ್ರೇನು, ದಿಲ್ಲಿಯಿಂದ ಬಂದ್ರೇನು?"

ಮಾತು ಸುಳ್ಳಲ್ಲ. ಹಸಿದವನ ಮುಂದೆ ಸಂವಿಧಾನದ ಪಟ್ಟಿ ಓದಬಾರದು. ಉಣ್ಣಿಸಿದವರನ್ನು ನೆನೆಸಿದ್ದು ತಪ್ಪೂ ಅಲ್ಲ. ಆದರೆ ಯಜಮಾನರೇ, ಆ ಕೂಲಿ 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ ಹಾಕಿದ ಓಟಿನದು. ಅದು ಸಂದಾಯವಾಗಿದೆ. 2024ರ ಮೇ 7ರಂದು ಲೋಕಸಭೆಗೆ ಹಾಕಿದ ಓಟು ಬೇರೆ. ಅದರ ಕೂಲಿ ಬೇರೆ ಬರಬೇಕು. ಒಂದು ಚೀಲ ನೆಲ್ಲಿನ ದುಡ್ಡು ತಗೊಂಡು ಎರಡು ಚೀಲ ಕೊಟ್ಟು ಕಳಿಸುವ ರೈತನನ್ನು ನಮ್ಮ ದಲಾಲಿ ಅಂಗಡಿಗಳಲ್ಲಿ ಯಾರಾದರೂ ಕಂಡಿದ್ದೀರಾ?

ಎಂಪಿಯ ಕೆಲಸ ಯಾವುದು? ಎರಡು ತೋರಿಸುತ್ತೇನೆ, ಎರಡೂ ನಿಮ್ಮ ಬಸ್ಸಿನ ಕಿಟಕಿಯಿಂದಲೇ ಕಾಣುವಂಥವು.

ರೈಲು ಮತ್ತು ಗೇಟು

ಮೊದಲನೆಯದು ಮುನಿರಾಬಾದ್-ಮೆಹಬೂಬ್‌ನಗರ ರೈಲು ಮಾರ್ಗ. ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಸಿಂಧನೂರು ಮುಟ್ಟಿದ್ದು 2024ರಲ್ಲಿ. 2025ರಲ್ಲೂ ರಾಯಚೂರು ಮುಟ್ಟಿರಲಿಲ್ಲ. ಆ ಎರಡೂ ವರ್ಷ ಲೋಕಸಭೆ ಚುನಾವಣೆಯ ವರ್ಷಗಳೆಂಬುದನ್ನು ಗಮನಿಸಿ! 1998ರಿಂದ 2024ರವರೆಗೆ ಏಳು ಲೋಕಸಭೆ ಚುನಾವಣೆ ಆದವು. ಕಾಂಗ್ರೆಸ್ಸಿನ ಎಂಪಿ ಬಂದರು, ಬಿಜೆಪಿಯ ಎಂಪಿ ಬಂದರು, ಮತ್ತೆ ಕಾಂಗ್ರೆಸ್ಸಿನವರು ಬಂದರು. ದಿಲ್ಲಿಯಲ್ಲೂ ಸರಕಾರ ಬದಲಾದವು. ಹಳಿ ಮಾತ್ರ ತನ್ನ ನಡಿಗೆ ಬದಲಿಸಲಿಲ್ಲ. ಜಾಗ ಕೊಡುವುದು ರಾಜ್ಯ, ಹಳಿ ಹಾಕುವುದು ಕೇಂದ್ರ. ಇಬ್ಬರ ನಡುವೆ ಓಡಾಡಿ ಕಡತ ಸರಿಸಬೇಕಾದವರು ಎಂಪಿ. ಮಂಜೂರಾದ ವರ್ಷ ಹುಟ್ಟಿದ ಕೂಸು ಇವತ್ತು ತನ್ನ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ನಿಂತು ರಾಯಚೂರಿಗೆ ಹೋಗುತ್ತಿರಬಹುದು.

ಎರಡನೆಯದು ತುಂಗಭದ್ರೆ. 2024ರ ಆಗಸ್ಟ್ 10ರ ರಾತ್ರಿ, ಫಲಿತಾಂಶ ಬಂದು ಎರಡು ತಿಂಗಳು ಆಗಿತ್ತಷ್ಟೆ, ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟು ಕೊಚ್ಚಿಹೋಯಿತು. ಹರಿದುಹೋಗುವ ನೀರನ್ನು ನೋಡುತ್ತ ನಿಂತ ರೈತರ ಮುಖ ನೀವು ಮರೆತಿರಲಾರಿರಿ. ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಅವರ ಕೈಗೆ ನಮಸ್ಕಾರ. ಆದರೆ 2025ರ ಮಳೆಗಾಲದಲ್ಲಿ ಗೇಟುಗಳ ಭಯಕ್ಕೆ ಜಲಾಶಯವನ್ನು ಪೂರ್ತಿ ತುಂಬಿಸಲಿಲ್ಲ. 105 ಟಿಎಂಸಿ ಹಿಡಿಯುವ ಕೆರೆಯಲ್ಲಿ 80ಕ್ಕೆ ನಿಲ್ಲಿಸಿದರು. ಹೂಳು ನುಂಗಿದ ಮೇಲೆ ಉಳಿದದ್ದು 105. ಅದನ್ನೂ ತುಂಬುವಂತಿರಲಿಲ್ಲ!

ಆ ಡ್ಯಾಮು ಯಾರ ಕೈಯಲ್ಲಿದೆ? ತುಂಗಭದ್ರಾ ಮಂಡಳಿಯ ಕೈಯಲ್ಲಿ. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರಕಾರ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಅದರಲ್ಲಿ ಪಾಲುದಾರರು. ಗೇಟು ಹೋದ ದಿನ ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿದರು, ಕೇಂದ್ರದ ಪಕ್ಷದವರು ರಾಜ್ಯದ ಕಡೆ ತೋರಿಸಿದರು. ಬೆರಳುಗಳಿಂದ ಗೇಟು ಮುಚ್ಚುವುದಿಲ್ಲ. ಮಂಡಳಿಗೆ ದಿಲ್ಲಿಯಲ್ಲಿ ಕೇಳುವ ಬಾಯಿ ಎಂದರೆ ಎಂಪಿಗಳದ್ದು. ಕೊಪ್ಪಳ, ರಾಯಚೂರು, ಬಳ್ಳಾರಿ, ಮೂರು ಕ್ಷೇತ್ರದವರೂ ಈಗ ಒಂದೇ ಪಕ್ಷದವರು. "ಅವರು ಬಿಡಲಿಲ್ಲ, ಇವರು ಸೇರಲಿಲ್ಲ" ಅನ್ನುವ ನೆಪ ಅವರಿಗಿಲ್ಲ.

ಒಂದು ಬೆಳೆ ನಿಂತರೆ ಬರೀ ಗದ್ದೆ ಒಣಗುವುದಿಲ್ಲ ಸ್ವಾಮಿ. ರೈಸ್ ಮಿಲ್ಲಿನ ಹಮಾಲಿಗೆ ಕೂಲಿ ಇಲ್ಲ. ಬಟ್ಟೆ ಅಂಗಡಿಗೆ ಗಿರಾಕಿ ಇಲ್ಲ. ಗೊಬ್ಬರದಂಗಡಿಯ ಉದ್ರಿ ವಸೂಲಿಲ್ಲ. ಟಂಟಂ ಓಡಿಸುವವನಿಗೆ ಸೀಟಿಲ್ಲ. ಅದು ನಿಮ್ಮ ಗಲ್ಲಾಪೆಟ್ಟಿಗೆಯ ವಿಷಯ.

ಹಾಗಾದರೆ ಏನು ಮಾಡೋಣ?

"ವಿರೋಧ ಪಕ್ಷದ ಎಂಪಿ, ದಿಲ್ಲಿಯಾಗ ಅವರ ಮಾತು ಯಾರು ಕೇಳ್ತಾರ?" ಅನ್ನುವವರಿದ್ದಾರೆ. 2019ರಲ್ಲಿ ಆಡಳಿತ ಪಕ್ಷದವರನ್ನೇ ಐದಕ್ಕೆ ಐದು ಕಳಿಸಿದ್ದೆವಲ್ಲ? ಆಗ ಕೇಳಿದರೇನು? ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಧರಣಿ ಕೂತರು. ಸಾವಿರ ದಿನ ದಾಟಿತು. ಕೂತವರ ಮುಂದೆ ಒಂದು ಪಕ್ಷದ ಎಂಪಿ ಹೋಗಿ ಇನ್ನೊಂದು ಪಕ್ಷದ ಎಂಪಿ ಬಂದರು. ಪಕ್ಷ ಬದಲಿಸುವುದು ಸುಲಭ. ಕೇಳುವ ರೂಢಿ ಹಚ್ಚಿಕೊಳ್ಳುವುದು ಕಷ್ಟ.

ನಮ್ಮ ಕ್ಷೇತ್ರ ಯಾವತ್ತೂ ಗಾಳಿಗೆ ತೂರಿದ ಹೊಟ್ಟಲ್ಲ. 1989ರಲ್ಲಿ ರಾಜ್ಯದ 28ರಲ್ಲಿ 27 ಕಾಂಗ್ರೆಸ್ಸಿಗೆ ಹೋದಾಗ, ಜನತಾದಳಕ್ಕೆ ಉಳಿದ ಒಂದೇ ಒಂದು ಸೀಟು ಕೊಪ್ಪಳ. ಇಡೀ ರಾಜ್ಯಕ್ಕೆ ಎದುರಾಗಿ ನಿಲ್ಲುವ ಎದೆ ಇಲ್ಲಿಯವರಿಗಿದೆ. ನಾವೇ ಕಳಿಸಿದವರ ಎದುರು ನಿಂತು ಒಂದು ಪ್ರಶ್ನೆ ಕೇಳುವುದಕ್ಕೆ ಅಂಜಿಕೆ ಯಾಕೆ?

ಎಂಪಿ ಸಾಹೇಬರು ಮುಂದಿನ ಸಲ ಮದುವೆಗೋ, ಜಾತ್ರೆಗೋ, ಅಂಗಡಿ ಉದ್ಘಾಟನೆಗೋ ಬಂದಾಗ ಹಾರ ಹಾಕಿ. ಬೇಡವೆನ್ನುವುದಿಲ್ಲ. ಹಾರ ಹಾಕಿದ ಕೈಯಿಂದಲೇ ಮೂರು ಸಾಲಿನ ಚೀಟಿ ಕೊಡಿ. ಗೇಟುಗಳ ಬಗ್ಗೆ ಲೋಕಸಭೆಯಲ್ಲಿ ಎಷ್ಟು ಸಲ ಎದ್ದು ನಿಂತಿರಿ? ರಾಯಚೂರಿಗೆ ರೈಲು ಯಾವ ತಿಂಗಳು? ನಿಮ್ಮ ಎಂಪಿ ನಿಧಿಯ ದುಡ್ಡು ಯಾವ ಯಾವ ಊರಿಗೆ ಹೋಯಿತು? ವರ್ತಕರ ಸಂಘದವರು ಇದನ್ನು ಒಂದು ಹಾಳೆಯಲ್ಲಿ ಬರೆದು ಕೊಡಬಹುದು. ಉತ್ತರ ಬಂದರೆ ಅಂಗಡಿಯ ಬಾಗಿಲಿಗೆ ಅಂಟಿಸಿ. ಬಾರದಿದ್ದರೆ ಖಾಲಿ ಹಾಳೆಯನ್ನೇ ಅಂಟಿಸಿ. ಸೋತ ಬಿಜೆಪಿಯವರಿಗೂ ಒಂದು ಪ್ರತಿ ಹೋಗಲಿ. 6,17,154 ಓಟು ಪಡೆದವರಿಗೆ ಐದು ವರ್ಷ ರಜೆಯೇನೂ ಮಂಜೂರಾಗಿಲ್ಲ.

ಕಾರಟಗಿಯಲ್ಲಿ ಇಳಿದ ಆ ಹಿರಿಯರಿಗೆ ಎಂಟು ರೂಪಾಯಿ ಸಿಕ್ಕಿದ್ದು ಕಂಡಕ್ಟರ್ ಒಳ್ಳೆಯವರೆಂದಲ್ಲ, ಕೆಟ್ಟವರೆಂದೂ ಅಲ್ಲ. ಚೀಟಿ ಇಟ್ಟುಕೊಂಡಿದ್ದರು, ಇಳಿಯುವ ಮುಂಚೆ ಕೂಗಿದರು, ಅದಕ್ಕೆ ಸಿಕ್ಕಿತು. 2029ಕ್ಕೆ ನಮ್ಮ ಸ್ಟಾಪು ಬರುತ್ತದೆ. ಕೆಳಗಿಳಿದ ಮೇಲೆ ಬಸ್ಸಿನ ಹಿಂದೆ ಓಡುವುದಕ್ಕಿಂತ, ಈಗಲೇ ಎದ್ದು ಬಾಗಿಲಿಗೆ ಬರುವುದು ಲೇಸು.