ಮರುಭೂಮಿಯೆಂಬ ಮಾತೂ ದುರ್ಗದ ಸೀಮೆಯೂ

ಕೆಲವು ವರ್ಷಗಳಿಂದ ಚಿತ್ರದುರ್ಗದ ಸೀಮೆಯಲ್ಲಿ ನೀರಿನ ವಾರ್ತೆಯೇ ಉಳಿದೆಲ್ಲ ವಾರ್ತೆಗಳಿಗಿಂತ ಮುಂದಾಗಿದೆ. ಮಾರಿಕಣಿವೆಯ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಒಮ್ಮೆ ಕೋಡಿ ಹರಿದಿತ್ತು. ಅದು ಮತ್ತೆ ತುಂಬಿ ಹರಿಯಲು ಎಂಬತ್ತೊಂಬತ್ತು ವರ್ಷ ಹಿಡಿಯಿತು. ೨೦೨೨ರಲ್ಲಿ ಕೋಡಿ ಬಿದ್ದ ನೀರನ್ನು ನೋಡಲು ನೆರೆದ ಜನಕ್ಕೆ ಲೆಕ್ಕವಿರಲಿಲ್ಲ. ೨೦೨೫ರಲ್ಲಿಯೂ ಆ ನೋಟ ಒದಗಿತು. ಇತ್ತ ಭದ್ರಾ ಮೇಲ್ದಂಡೆಯ ಕಾಲುವೆಗಳ ಮಾತು ಪ್ರತಿ ಊರಿನ ಕಟ್ಟೆಯ ಮೇಲೂ ನಡೆದಿದೆ. ಈ ಸಂತೋಷದ ನಡುವೆ ಭಾಷಣಗಳಲ್ಲಿಯೂ ಬರಹಗಳಲ್ಲಿಯೂ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ಮರುಭೂಮಿಯಂತಿದ್ದ ಈ ನೆಲ ಇನ್ನು ಹಸುರಾಗಲಿದೆ ಎಂದು. ಮಾತು ಚಿಕ್ಕದು, ಹೇಳುವವರ ಮನಸ್ಸೂ ಒಳ್ಳೆಯದೇ. ಆದರೂ ಒಂದು ನೆಲವನ್ನು ಯಾವ ಹೆಸರಿನಿಂದ ಕರೆಯುತ್ತೇವೆಯೋ ಆ ಹೆಸರಿಗೆ ತಕ್ಕಂತೆಯೇ ಅದನ್ನು ನಡೆಸಿಕೊಳ್ಳುವುದು ಮನುಷ್ಯರ ರೂಢಿ. ಆದಕಾರಣ ಈ ಮಾತನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಅವಶ್ಯಕ.

ಮರುಭೂಮಿಯ ಪರ್ಯಾಯದ್ವೀಪವೆಂದರೆ ಅರೇಬಿಯ. ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ನಾಡಿಗೂ ನಮ್ಮ ದಖನ್ನಿಗೂ ಇರುವ ಹೋಲಿಕೆ ಅಚ್ಚರಿ ತರುವಂತಹುದು. ಎರಡಕ್ಕೂ ಮೂರು ಕಡೆ ಸಮುದ್ರ. ಎರಡರಲ್ಲಿಯೂ ಪಶ್ಚಿಮದ ಅಂಚು ಗೋಡೆಯಂತೆ ಎದ್ದು ನಿಂತಿದೆ. ಅಲ್ಲಿಂದ ನೆಲ ಮೆಲ್ಲಮೆಲ್ಲನೆ ಪೂರ್ವಕ್ಕೆ ಇಳಿಯುತ್ತದೆ. ಎರಡರ ಅಡಿಪಾಯವೂ ಬಲು ಪುರಾತನವಾದ ಗಟ್ಟಿ ಶಿಲೆ. ಕೆಂಪು ಸಮುದ್ರದ ಕಡೆಗೆ ಮುಖ ಮಾಡಿರುವ ಅಸೀರ್, ಯೆಮನ್ ಬೆಟ್ಟಗಳ ಮೇಲೆ ಒಂದಷ್ಟು ಮಳೆ ಬೀಳುತ್ತದೆ; ಮೆಟ್ಟಿಲುಗದ್ದೆಗಳಲ್ಲಿ ಬೆಳೆ ಬರುತ್ತದೆ. ಬೆಟ್ಟದ ಬೆನ್ನಿನಾಚೆ ಇಳಿದಂತೆ ಹಸುರು ಬತ್ತಿ, ಕೊನೆಗೆ ‘ರುಬ್ ಅಲ್ ಖಾಲಿ’ ಎಂಬ ಮರಳ ಸಾಗರ ತೆರೆದುಕೊಳ್ಳುತ್ತದೆ. ಅದರ ವಿಸ್ತಾರ ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರು. ಕರ್ನಾಟಕದಂಥ ಮೂರು ನಾಡುಗಳು ಅದರೊಳಗೆ ಹಿಡಿಸಿಯಾವು. ಹೆಸರಿನ ಅರ್ಥವೂ ‘ಬರಿದಾದ ಕಾಲುಭಾಗ’ ಎಂದೇ.

ಹೋಲಿಕೆ ಇಲ್ಲಿಗೆ ಮುಗಿಯಿತು. ಅರೇಬಿಯದ ಒಡಲ ಮೇಲೆ ವರ್ಷದ ಬಹುಭಾಗ ಕೆಳಗಿಳಿಯುವ ಒಣಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಮೋಡ ಕಟ್ಟಲು ಎಡೆಯೇ ಇಲ್ಲ. ನಮ್ಮಲ್ಲಿ ಹಾಗಲ್ಲ. ಮುಂಗಾರು ತಪ್ಪದೆ ಬರುತ್ತದೆ; ಆದರೆ ಗೋಡೆಯ ಆಚೆಗೇ ತನ್ನ ಹೊರೆಯನ್ನು ಇಳಿಸಿ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ, ಘಟ್ಟವನ್ನೂ ಬಾಬಾಬುಡನ್ ಬೆಟ್ಟಗಳನ್ನೂ ದಾಟಿ ನಮ್ಮ ಬಯಲಿಗೆ ಬರುವ ಹೊತ್ತಿಗೆ ಬಡಕಲಾಗಿರುತ್ತದೆ. ಚಳ್ಳಕೆರೆಯ ಕಡೆಗೆ ಹೋದರೆ ಅದು ಐನೂರರ ಆಸುಪಾಸು. ಮೋಡಗಳು ತಲೆಯ ಮೇಲೆ ಹಾದುಹೋಗುತ್ತವೆ, ಗಾಳಿ ಬಲವಾಗಿ ಬೀಸುತ್ತದೆ, ಮಳೆ ಮಾತ್ರ ಬೀಳದು. ಆ ಗಾಳಿಯ ಬಲಕ್ಕೆ ನಮ್ಮ ಬೆಟ್ಟಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಇದು ಮಳೆಯ ನೆರಳಿನ ನಾಡು. ನೆರಳು ಬೇರೆ, ಕತ್ತಲೆ ಬೇರೆ.

ಇನ್ನು ಈ ನೆಲದ ಮೈಕಟ್ಟನ್ನು ನೋಡಬೇಕು. ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾಸಿರುವ ಪದರಶಿಲೆಯ ಒಂದು ಪಟ್ಟಿ ಇಡೀ ಸೀಮೆಯ ಬೆನ್ನೆಲುಬು. ಭೂವಿಜ್ಞಾನಿಗಳು ಅದಕ್ಕೆ ಚಿತ್ರದುರ್ಗದ ಹೆಸರನ್ನೇ ಇಟ್ಟಿದ್ದಾರೆ. ಗದಗಿನ ಕಡೆಯಿಂದ ಶ್ರೀರಂಗಪಟ್ಟಣದ ಕಡೆಯವರೆಗೂ ಅದರ ಜಾಡು ಹರಿದಿದೆ. ಅದರ ಮಗ್ಗುಲಲ್ಲಿ ದುರ್ಗದ ಕೋಟೆಯನ್ನು ಹೊತ್ತ ಬೆಣಚುಗಲ್ಲಿನ ಬೆಟ್ಟಗಳು, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ನಿಂತಿವೆ. ಪಶ್ಚಿಮದಲ್ಲಿ ಹೊಳಲ್ಕೆರೆಯ ಕೆಮ್ಮಣ್ಣಿನ ಏರಿಳಿತ, ಪೂರ್ವದಲ್ಲಿ ಹಿರಿಯೂರಿನ ಎರೆಯ ಬಯಲು.

ಈ ಕಲ್ಲುಗಳ ಕಥೆಯನ್ನು ಕೇಳಿದವರು ಇದನ್ನು ಮರುಭೂಮಿಯೆಂದು ಕರೆಯಲು ಹಿಂಜರಿದಾರು. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕರಗಿದ ಶಿಲಾರಸವು ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಒಡನೆಯೇ ತಣಿದು ಚಿಪ್ಪುಗಟ್ಟುತ್ತದೆ. ಒಳಗಿನ ಬಿಸಿರಸ ಆ ಚಿಪ್ಪನ್ನು ಒಡೆದುಕೊಂಡು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ದಿಂಬಿನ ಆಕಾರ ಬರುವುದು ಹೀಗೆ, ನೀರಿನಡಿಯಲ್ಲಿ ಮಾತ್ರ. ಎಂದರೆ ಇಂದು ಟ್ಯಾಂಕರಿಗೆ ಕಾದು ನಿಲ್ಲುವ ಈ ನೆಲ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳವಾಗಿತ್ತು. ಹೊಳಲ್ಕೆರೆ ತಾಲೂಕಿನ ತಾಳ್ಯದ ಹೆಸರಿನಿಂದ ವಿದ್ವಾಂಸರು ಕರೆಯುವ ಉಂಡೆಗಲ್ಲಿನ ಪದರವೂ ಇಂಥದೇ ಸಾಕ್ಷಿ ಹೇಳುತ್ತದೆ. ಉರುಟಾದ ಕಲ್ಲುಗಳು ಅಲ್ಲಿ ಮತ್ತೆ ಬಂಡೆಯಾಗಿ ಬೆಸೆದುಕೊಂಡಿವೆ.

ಇಷ್ಟು ಹಳೆಯ ಕಲ್ಲಿಗೆ ಒಂದು ಗುಣವಿದೆ. ಕನ್ನಡದ ರೈತನಿಗೆ ಅದು ಪುಸ್ತಕವಿಲ್ಲದೆಯೇ ಗೊತ್ತು. ಅದು ನೀರನ್ನು ಹೀರದು. ಮೇಲಿನ ಮಣ್ಣಿನಲ್ಲಿ, ಸವೆದು ಪುಡಿಯಾದ ಮೆತ್ತನೆಯ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ ಎಷ್ಟು ನಿಂತೀತೋ ಅಷ್ಟೇ ನೀರು. ಆದ್ದರಿಂದ ಇಲ್ಲಿ ನೆಲದ ಮೇಲಿನ ಆಕಾರವೇ ಎಲ್ಲವೂ: ಎಲ್ಲಿ ಇಳಿಜಾರು, ಎಲ್ಲಿ ತಗ್ಗು, ಎಲ್ಲಿ ಎರಡು ಗುಡ್ಡಗಳು ಹತ್ತಿರ ಬಂದು ಕೈ ಚಾಚುತ್ತವೆ ಎಂಬುದೇ ಬದುಕಿನ ಲೆಕ್ಕ. ನಮ್ಮ ಸೀಮೆಯ ನುಡಿಯಲ್ಲಿ ಆ ಲೆಕ್ಕವೆಲ್ಲ ಬರೆದಿಟ್ಟಂತಿದೆ. ಮರಡಿ, ಮಟ್ಟಿ, ದಿಣ್ಣೆ, ಗುಡ್ಡ, ಕಣಿವೆ, ಹಳ್ಳ, ಕಾವಲು. ಎರೆ, ಮಸಬು, ಕೆಮ್ಮಣ್ಣು, ಸವುಳು. ಒಂದೊಂದು ಮಾತೂ ನೀರಿನೊಡನೆ ನೆಲಕ್ಕಿರುವ ಒಂದೊಂದು ಸಂಬಂಧದ ಹೆಸರು. ‘ಮರುಭೂಮಿ’ ಎಂಬ ಸಂಸ್ಕೃತದ ಮಾತು ಇಲ್ಲಿ ಭಾಷಣಕ್ಕೆ ಬಂದದ್ದೇ ಹೊರತು ಹೊಲಕ್ಕೆ ಎಂದೂ ಇಳಿಯಲಿಲ್ಲ.

ಊರುಗಳ ಹೆಸರನ್ನೇ ನೋಡಿರಿ. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಪಟ್ಟಣದ ಕೆರೆ ಹೊಳಲ್ಕೆರೆಯಾಯಿತು. ಅದೇ ತಾಲೂಕಿನಲ್ಲಿ ಹೊರಕೆರೆದೇವಪುರ. ಆ ಹೆಸರನ್ನು ಬಿಡಿಸಿದರೆ ಮೊದಲು ದೊರೆಯುವುದು ಕೆರೆ, ಆಮೇಲೆ ದೇವರು, ಕೊನೆಗೆ ಊರು. ಹೀಗೆಯೇ ಚಳ್ಳಕೆರೆ, ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಭರಮಸಾಗರ. ಮಳೆ ಕಡಿಮೆಯಿರುವ ನಾಡಿನಲ್ಲಿ ನೀರಿನ ಹೆಸರು ಇಷ್ಟು ದಟ್ಟವಾಗಿರುವುದು ಆಕಸ್ಮಿಕವಲ್ಲ. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಈ ಸೀಮೆಯ ಬಲು ಹಳೆಯ ಶಾಸನಗಳಲ್ಲೊಂದಾದ ಅದು ಹೇಳುವುದು ಒಂದು ಕೆರೆಯ ವಿಚಾರವನ್ನು. ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರ ಸಂತೆಹೊಂಡಕ್ಕೆ ನೀರಿಳಿಯುವಂತೆ ಮಾಡಿದವರು ಬಂಡೆಯ ಇಳಿಜಾರನ್ನು ಅಕ್ಷರದಂತೆ ಓದಬಲ್ಲವರಾಗಿದ್ದರು.

ಇದೇ ಓದಿನ ದೊಡ್ಡ ಫಲ ಮಾರಿಕಣಿವೆ. ಮಳೆಯನ್ನು ತಡೆಯುವ ಬಾಬಾಬುಡನ್ ಸಾಲೇ ನಮಗೆ ಹೊಳೆಯನ್ನೂ ಕಳುಹಿಸುತ್ತದೆ. ವೇದಾ, ಅವತಿ ಎಂಬೆರಡು ತೊರೆಗಳು ಅಲ್ಲಿ ಹುಟ್ಟಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ನೆಲವನ್ನು ಹಾದು, ಹಿರಿಯೂರಿಗೆ ಮುಂಚೆ ಬೆಟ್ಟದ ಸಾಲನ್ನು ಇಕ್ಕಟ್ಟಾದ ಕಣಿವೆಯಲ್ಲಿ ಸೀಳಿಕೊಂಡು ಹೋಗುತ್ತವೆ. ಆ ಕಣಿವೆಗೆ ಅಡ್ಡಲಾಗಿ ಮೈಸೂರು ಸರ್ಕಾರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಲಿನ ಕಟ್ಟೆಯನ್ನು ಕಟ್ಟತೊಡಗಿ ೧೯೦೭ರಲ್ಲಿ ಪೂರೈಸಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂತು. ಜಲಾಶಯದ ಪೂರ್ಣಮಟ್ಟ ೧೩೦ ಅಡಿ, ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ.

ಅರೇಬಿಯದಲ್ಲಿಯೂ ಇಂತಹದೇ ಒಂದು ಕಣಿವೆಗೆ ಕಟ್ಟೆ ಹಾಕಿದ್ದರು. ಯೆಮನಿನ ಅದರ ಹೆಸರು ಮಾರಿಬ್. ಮಾರಿಕಣಿವೆಯೊಡನೆ ಹೆಸರು ಪ್ರಾಸ ಕೂಡುವುದು ಕೇವಲ ಕಾಕತಾಳೀಯ. ಬೆಟ್ಟದ ಕಡೆಯಿಂದ ವರ್ಷಕ್ಕೆ ಕೆಲವೇ ದಿನ ನುಗ್ಗಿ ಬರುವ ಪ್ರವಾಹವನ್ನು ಎತ್ತರಿಸಿ, ಎರಡೂ ದಡಗಳ ತೂಬುಗಳ ಮೂಲಕ ಹೊಲಗಳಿಗೆ ಹಾಯಿಸಿ, ಸಬಾ ರಾಜ್ಯ ಒಂದು ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿತು. ನೀರಿನೊಡನೆ ಹೂಳೂ ಬರುತ್ತಿತ್ತು, ಕಟ್ಟೆ ಒಡೆಯುತ್ತಿತ್ತು, ಮತ್ತೆ ಮತ್ತೆ ದುರಸ್ತಿ ಮಾಡುತ್ತಿದ್ದರು. ಕ್ರಿ.ಶ. ೫೪೮ರ ದುರಸ್ತಿಯನ್ನು ಅಬ್ರಹನೆಂಬ ದೊರೆ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಆ ಶತಮಾನ ಮುಗಿಯುವುದರೊಳಗೆ ಕಟ್ಟೆ ಕಡೆಯ ಬಾರಿ ಒಡೆಯಿತು. ದುರಸ್ತಿ ಮಾಡಲು ಕೈಗಳಿರಲಿಲ್ಲ. ಹೊಲಗಳು ಮರಳಿನ ಪಾಲಾದುವು. ಅಲ್ಲಿಯ ಹವೆ ಮೊದಲೂ ಒಣಗಿಯೇ ಇತ್ತು. ಆ ಒಕ್ಕಲು ನೆಲವನ್ನು ಮರುಭೂಮಿಯಾಗಿಸಿದ್ದು ನಿಂತುಹೋದ ಆರೈಕೆ.

ಅದೇ ಪರ್ಯಾಯದ್ವೀಪದಲ್ಲಿ ನಮ್ಮ ಕಾಲದಲ್ಲೇ ನಡೆದ ಇನ್ನೊಂದು ಸಂಗತಿ ಇದಕ್ಕಿಂತಲೂ ಹತ್ತಿರದ್ದು. ಸೌದಿ ಅರೇಬಿಯವು ೧೯೮೦ರ ದಶಕದಲ್ಲಿ ಸರ್ಕಾರದ ಧನಸಹಾಯದಿಂದ ಆಳದ ನೀರನ್ನೆತ್ತಿ ಮರಳಿನಲ್ಲಿ ಗೋಧಿ ಬೆಳೆಯಿತು. ಹೊರನಾಡುಗಳಿಗೆ ಮಾರುವಷ್ಟು ಬೆಳೆಯಿತು. ಆ ನೀರು ಸಾವಿರಾರು ವರ್ಷಗಳ ಹಿಂದೆ, ಅಲ್ಲಿ ಮಳೆಯಿದ್ದ ಯುಗದಲ್ಲಿ ಇಂಗಿದ್ದು. ತೆಗೆದರೆ ಮತ್ತೆ ತುಂಬುವಂತಹುದಲ್ಲ. ೨೦೦೮ರಲ್ಲಿ ಸರ್ಕಾರವೇ ಆ ಬೆಳೆಯಿಂದ ಹಿಂದೆಗೆಯಲು ನಿಶ್ಚಯಿಸಿತು. ೨೦೧೬ರ ವೇಳೆಗೆ ಗೋಧಿಯ ಖರೀದಿಯನ್ನೇ ನಿಲ್ಲಿಸಿತು. ಎಣ್ಣೆಯ ಹಣವಿದ್ದ ದೇಶ. ಹೊರಗಿನಿಂದ ಗೋಧಿ ತರಿಸಿಕೊಂಡಿತು. ಹೊಸದುರ್ಗದ ಒಕ್ಕಲಿಗನ ಕೊಳವೆಬಾವಿ ಬತ್ತಿದರೆ ಅವನು ಏನನ್ನು ತರಿಸಿಕೊಂಡಾನು?

ಏಕೆಂದರೆ ಇಲ್ಲಿಯೂ ನಡೆದಿರುವುದು ಅದೇ. ತೆರೆದ ಬಾವಿ ಬತ್ತಿತು, ಕೊಳವೆಬಾವಿ ಬಂತು. ನೂರಡಿಯ ಲೆಕ್ಕ ಸಾವಿರ ಅಡಿಗೆ ಹೋಯಿತು. ಕೇಂದ್ರ ಅಂತರ್ಜಲ ಮಂಡಳಿಯ ಗಣನೆಗಳಲ್ಲಿ ಈ ಜಿಲ್ಲೆಯ ತಾಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ರಾಗಿ, ಸಾಮೆ, ನವಣೆಗಳಿದ್ದ ಕೆಂಪು ನೆಲದಲ್ಲಿ ಅಡಕೆಯ ತೋಟಗಳು ಏಳುತ್ತಿವೆ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಸಾಮೆಯ ಬೆಲೆ ಮನೆ ನಡೆಸದು, ಅಡಕೆಯ ಬೆಲೆ ಮಗಳ ಮದುವೆಯನ್ನೂ ಮಗನ ಓದನ್ನೂ ನಡೆಸೀತು. ಆದರೂ ಘಟ್ಟದ ತೇವದಲ್ಲಿ ಹುಟ್ಟಿದ ಮರವನ್ನು ಮಳೆಯ ನೆರಳಿನಲ್ಲಿ ಬಂಡೆಯ ಬಿರುಕಿನ ನೀರಿನಿಂದ ಸಾಕುವುದು ಎಷ್ಟು ಕಾಲ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಾಗಿದೆ.

‘ಬಂಜರು’ ಎಂಬ ಮಾತಿನಿಂದ ಆದ ಮತ್ತೊಂದು ನಷ್ಟವೂ ಇದೆ. ಚಳ್ಳಕೆರೆಯ ಕಡೆಯ ಅಮೃತಮಹಲ್ ಕಾವಲುಗಳು ದನ ಕುರಿಗಳ ಮೇವಿನ ನೆಲ. ಕೃಷ್ಣಮೃಗ, ದೊರವಾಯನ ಹಕ್ಕಿಗಳಿಗೆ ಆಸರೆಯಾಗಿದ್ದ ಹುಲ್ಲುಗಾವಲು. ೨೦೦೭ರಿಂದೀಚೆಗೆ ಅಲ್ಲಿಯ ಸಾವಿರಾರು ಎಕರೆ ನೆಲ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮತ್ತು ಉನ್ನತ ವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಸುತ್ತಲಿನ ಹಳ್ಳಿಗಳವರ ಅಳಲು ಹಸುರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಸಂದೇಹವಿಲ್ಲ. ಆದರೆ ಮರವಿಲ್ಲದ ನೆಲವೆಲ್ಲ ಬರಿದಾದ ನೆಲವೆಂದು ತಿಳಿಯದಿದ್ದರೆ ಆ ಹಂಚಿಕೆಗೆ ಮುಂಚೆ ಕುರಿಗಾಹಿಯನ್ನೂ ಒಂದು ಮಾತು ಕೇಳುತ್ತಿದ್ದರು.

ಈ ಹಿನ್ನೆಲೆಯಲ್ಲಿ ಭದ್ರಾ ಮೇಲ್ದಂಡೆಯನ್ನು ನೋಡಬೇಕು. ಯೋಜನೆಯ ಪ್ರಕಾರ ತುಂಗೆಯಿಂದ ೧೭.೪ ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ, ಭದ್ರೆಯ ಪಾಲನ್ನೂ ಕೂಡಿಸಿ ಒಟ್ಟು ೨೯.೯ ಟಿ.ಎಂ.ಸಿ.ಯನ್ನು ಅಜ್ಜಂಪುರದ ಸುರಂಗದ ಮೂಲಕ ಪೂರ್ವಕ್ಕೆ ತರಬೇಕು; ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ೨,೨೫,೫೧೫ ಹೆಕ್ಟೇರಿಗೆ ಹನಿ-ತುಂತುರಿನ ಕ್ರಮದಲ್ಲಿ ನೀರುಣಿಸಬೇಕು; ೩೬೭ ಕೆರೆಗಳಿಗೆ ಅವುಗಳ ಅರ್ಧದಷ್ಟು ನೀರು ಕೊಡಬೇಕು. ಕೇಂದ್ರದ ೨೦೨೩-೨೪ರ ಆಯವ್ಯಯದಲ್ಲಿ ೫,೩೦೦ ಕೋಟಿ ರೂಪಾಯಿಗಳ ನೆರವನ್ನು ಘೋಷಿಸಲಾಯಿತು. ಆ ಹಣ ಬರಲಿಲ್ಲವೆಂಬ ಜಗ್ಗಾಟ ಅನಂತರದ ವರ್ಷಗಳಲ್ಲಿ ನಡೆದೇ ಇತ್ತು. ಹಣದ ವಾದ ಇರಲಿ. ಯೋಜನೆಯ ಬರಹದಲ್ಲಿ ಎರಡು ವಿವೇಕದ ಮಾತುಗಳಿವೆಯೆಂಬುದನ್ನು ಗಮನಿಸಬೇಕು. ಒಂದು ಹನಿ ನೀರಾವರಿ, ಇನ್ನೊಂದು ಕೆರೆ. ಕಾಲುವೆಯ ನೀರು ಬಂದೊಡನೆ ಇವೆರಡನ್ನೂ ಮರೆತು, ನೀರು ಹರಿದಷ್ಟೂ ದೂರ ತೋಟ ಹಬ್ಬಿಸುವ ಆಸೆ ಹುಟ್ಟುವುದು ಸಹಜ. ಎರೆಯ ನೆಲಕ್ಕೆ ಬಸಿಗಾಲುವೆಯಿಲ್ಲದೆ ನೀರು ಕಟ್ಟಿದರೆ ಸವುಳು ಮೇಲೇಳುತ್ತದೆ. ಹೂಳು ತುಂಬಿದ ಕೆರೆಗೆ ನೀರು ಬಿಟ್ಟರೆ ಅರ್ಧ ಕೆರೆಯೆಂಬ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ.

ಮಾಡಬೇಕಾದುದು ಹೊಸದೇನಲ್ಲ. ಬರುವ ನೀರಿಗೆ ಮುಂಚೆ ಕೆರೆಗಳ ಹೂಳು ತೆಗೆಯಬೇಕು. ಹೂಳು ಎರೆಹೊಲಕ್ಕಿಂತ ಕೆಂಪು ಹೊಲಕ್ಕೆ ಹೆಚ್ಚು ಹಿತ. ಕೆರೆಗೆ ನೀರು ತರುವ ಹಳ್ಳಗಳ ಒತ್ತುವರಿಯನ್ನು ಬಿಡಿಸಬೇಕು. ಸಾಮೆ ನವಣೆಗಳಿಗೆ ಅಡಕೆಯಷ್ಟಲ್ಲದಿದ್ದರೂ ಮನೆ ನಡೆಸುವಷ್ಟು ಬೆಲೆ ಸಿಕ್ಕುವಂತೆ ಮಾಡಬೇಕು. ಕಾವಲನ್ನು ಕಾವಲಾಗಿಯೇ ಉಳಿಸಬೇಕು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಮರಡಿಹಳ್ಳಿಯ ಬಂಡೆಯ ಬಳಿಗೂ ಊರ ಕೆರೆಯ ತೂಬಿನ ಬಳಿಗೂ ಕರೆದೊಯ್ದು, ಈ ನೆಲ ಯಾವುದರಿಂದ ಆಗಿದೆ, ಇಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂಬುದನ್ನು ತೋರಿಸಬೇಕು. ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಕಾಲುವೆಯ ನೀರು ಬರುವವರೆಗೆ ಕಾಯಬೇಕಾದ ಕಾರಣವಿಲ್ಲ. ಬರುವ ಬೇಸಿಗೆಯಲ್ಲಿಯೇ, ಕೆರೆಯ ಅಂಗಳ ಒಣಗಿರುವಾಗಲೇ, ತೊಡಗಬಹುದು.